ಸತ್ತವರಿಗೆ ಕಾಲಂ ಇತ್ತು

ಎಂಬತ್ತರ ದಶಕದ ಮೊದಲಲ್ಲಿ ನಾನು ಎ.ಎನ್.ಎಂ. ಆಗಿ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿಯಾಗಿ, ಕೆಲಸಕ್ಕೆ ಸೇರಿದಾಗ ನಮ್ಮ ಉಪಕೇಂದ್ರದ ಆಸ್ತಿ ಎಂದರೆ ಒಂದು ಕಬ್ಬಿಣದ ಬೀರು, ಒಂದು ತಕ್ಕಡಿ, ಬೀರುವಿನ ತುಂಬ ರಿಜಿಸ್ಟರು. ಅರ್ಹ ದಂಪತಿಗಳದು, ಬಸುರಿಯರದು, ಬಾಣಂತಿಯರದು, ಚುಚ್ಚುಮದ್ದಿನದು, ವಂಕಿ ಹಾಕಿಸಿಕೊಂಡವರದು, ಆಪರೇಷನ್ ಆದವರದು, ಮಲೇರಿಯಾ ರಕ್ತಲೇಪನದ್ದು, ಮಾತ್ರೆಗಳ ದಾಸ್ತಾನಿನದು. ತಿಂಗಳ ಕೊನೆಗೆ ಅಷ್ಟನ್ನೂ ಕೂಡಿ ಕಳೆದು ಒಂದು ಹಾಳೆಗೆ ಇಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮೀಟಿಂಗಿಗೆ ಒಯ್ಯಬೇಕು. ಗುರಿ ಮುಟ್ಟದವರು ಎಲ್ಲರೆದುರು ಎದ್ದು ನಿಲ್ಲಬೇಕು. ಸತ್ತವರಿಗೂ ಒಂದು ಪುಸ್ತಕವಿತ್ತು. 1969ರ ಜನನ ಮರಣ ನೋಂದಣಿ ಕಾಯಿದೆ ಬಂದಮೇಲೆ ಹಳ್ಳಿಯಲ್ಲಿ ಯಾರು ತೀರಿಕೊಂಡರೂ ದಾಖಲಾಗಬೇಕು. ನಾವೂ ಹೆಸರು, ವಯಸ್ಸು, ಕಾರಣ ಬರೆದುಕೊಳ್ಳುತ್ತಿದ್ದೆವು. ಕಾರಣದ ಕಾಲಂನಲ್ಲಿ ‘ಮುಪ್ಪು’, ‘ಜ್ವರ’, ‘ಗೆಡ್ಡೆ’, ‘ಹೊಟ್ಟೆನೋವು’ ಎಂದು ಗೀಚಿದರೆ ಆಯಿತು. ಆ ಗೆಡ್ಡೆ ಎಷ್ಟು ತಿಂಗಳು ಕಾಡಿತು, ರಾತ್ರಿ ಯಾರು ಎದ್ದು ಕೂರಿಸುತ್ತಿದ್ದರು, ನೋವಿಗೆ ಏನು ಕೊಟ್ಟರು, ಇದನ್ನೆಲ್ಲ ಯಾರೂ ಕೇಳಲಿಲ್ಲ. ಸತ್ತವರಿಗೆ ಕಾಲಂ ಇತ್ತು, ಸಾಯುತ್ತಿರುವವರಿಗೆ ಇರಲಿಲ್ಲ.

ಆ ಉಪಕೇಂದ್ರ ಬರಗೂರಿನ ಕಡೆಯದು. ಬರಗೂರು ಎಂದರೆ ನಾಡಿಗೆಲ್ಲ ಸಾಹಿತಿ ಬರಗೂರು ರಾಮಚಂದ್ರಪ್ಪನವರ ಊರು. ನನಗೆ ಅದು ಸೈಕಲ್ಲು ಕಲಿತ ಸೀಮೆ. ಶಿರಾ ತಾಲ್ಲೂಕಿನ ಈ ಮೂಲೆಯಿಂದ ಆಂಧ್ರದ ಗಡಿ ಹತ್ತಿರ. ಒಂದೇ ಮನೆಯಲ್ಲಿ ಅತ್ತೆ ತೆಲುಗಿನಲ್ಲಿ ನರಳಿದರೆ ಸೊಸೆ ಕನ್ನಡದಲ್ಲಿ ಸಮಾಧಾನ ಹೇಳುತ್ತಾಳೆ. ಆಮೇಲೆ ವರ್ಗವಾಗಿ ಮಧುಗಿರಿ, ಪಾವಗಡ, ಕೊರಟಗೆರೆ ಕಡೆಗೂ ತಿರುಗಿ, ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದೆ. ಅಷ್ಟೂ ವರ್ಷ ನಾನು ಕಂಡದ್ದು ಇಷ್ಟು: ಸರ್ಕಾರ ಯಾವುದನ್ನು ಎಣಿಸುತ್ತದೋ ಅದಕ್ಕೆ ತರಬೇತಿ ಕೊಡುತ್ತದೆ. ಎಣಿಕೆಗೆ ಬಾರದ ಕೆಲಸವನ್ನು ಹೆಂಗಸರಿಗೆ ಬಿಡುತ್ತದೆ.

ನಮ್ಮ ಕಡೆ ಸಾವಿನ ಆರೈಕೆಗೂ ಒಂದು ಕ್ರಮವಿತ್ತು. ಇನ್ನು ಏಳಲಾರರು ಎಂದು ಮನೆಯವರಿಗೆ ಖಾತ್ರಿಯಾದರೆ ಕೋಣೆಯಿಂದ ನಡುಮನೆಗೆ ತಂದು ಮಲಗಿಸುವರು. ಬಂದವರು ಹೋದವರು ಕಾಣಬೇಕು, ಗಾಳಿ ಆಡಬೇಕು. ಲಿಂಗಾಯತರ ಮನೆಯಾದರೆ ವಿಭೂತಿ ವೀಳ್ಯ, ಬೇರೆಯವರಲ್ಲಿ ತುಳಸಿ ನೀರು. ದೂರದ ಮಗಳು ಬರುವತನಕ ಬಾಯಿಗೆ ಬಟ್ಟೆಯಿಂದ ನೀರು ಹಿಂಡುತ್ತಾ ಕಾಯುವರು. ಹುಲಿಕುಂಟೆ ಕಡೆಯ ಒಂದು ಮನೆಯಲ್ಲಿ, ಲಕ್ವ ಹೊಡೆದು ಮಲಗಿದ್ದ ಮುದುಕನ ಸೊಂಟದಡಿಗೆ ಸೊಸೆ ತೆಳುವಾದ ಚೀಲದಲ್ಲಿ ರಾಗಿ ತುಂಬಿ ಹಾಸಿದ್ದಳು. ದಿನಕ್ಕೆ ನಾಲ್ಕಾರು ಸಲ ಚೀಲ ಅಲ್ಲಾಡಿಸಿ ಕಾಳು ಸರಿಸುತ್ತಿದ್ದಳು. ಆತನ ಬೆನ್ನಿನಲ್ಲಿ ಒಂದು ಹುಣ್ಣಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ತರಬೇತಿಯಲ್ಲಿ ಗಾಳಿಹಾಸಿಗೆಯ ಚಿತ್ರ ತೋರಿಸಿ, ಒತ್ತಡ ಒಂದೇ ಕಡೆ ಬೀಳದಂತೆ ನೋಡಿಕೊಳ್ಳಬೇಕು ಎಂದಾಗ ನನಗೆ ಆ ಸೊಸೆ ನೆನಪಾದಳು.

ಇದನ್ನೆಲ್ಲ ಹೇಳಿ ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಸಾಧಿಸುವುದು ನನಗೆ ಬೇಕಿಲ್ಲ. ರಾಗಿ ಚೀಲ ಬೆನ್ನಿನ ಹುಣ್ಣನ್ನು ತಡೆದೀತು, ದವಡೆಯ ಗೆಡ್ಡೆಯ ನೋವನ್ನು ಏನು ತಡೆಯುತ್ತದೆ? ಎಲೆ, ಅಡಿಕೆ, ಹೊಗೆಸೊಪ್ಪು ನಮ್ಮ ಹೆಂಗಸರ ಸೆರಗಿನ ಗಂಟಿನಲ್ಲೇ ಇರುವ ಸಾಮಾನು. ಬಾಯಿ ಕ್ಯಾನ್ಸರು, ಗರ್ಭಕೊರಳಿನ ಕ್ಯಾನ್ಸರು, ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಬೆನ್ನು ಬಿಲ್ಲಾದವರು, ಇವರ ನೋವಿಗೆ ಮನೆಯ ಕ್ರಮದಲ್ಲಿ ಉತ್ತರವಿರಲಿಲ್ಲ. ‘ಪೂರ್ವಜನ್ಮದ್ದು’ ಎನ್ನುತ್ತಿದ್ದರು. ಹರಕೆ ಹೊರುತ್ತಿದ್ದರು. ಬಹಳ ಹಿಂದೆ ನಾಟಿ ವೈದ್ಯರ ಹತ್ತಿರ ಸಾಸಿವೆ ಕಾಳಿನಷ್ಟು ಅಫೀಮು ಸಿಗುತ್ತಿತ್ತು ಎಂದು ಹಿರಿಯರು ಹೇಳುತ್ತಿದ್ದರು. ನನ್ನ ಕಾಲಕ್ಕೆ ಅದು ಮಾತಾಗಿ ಉಳಿದಿತ್ತು.

ಹಳ್ಳಿಯ ಆರೋಗ್ಯಕ್ಕೆ ಕೆಲಸಗಾರರನ್ನು ತಯಾರು ಮಾಡುವುದರಲ್ಲಿ ಮೈಸೂರು ಸಂಸ್ಥಾನ ಹಿಂದೆ ಬಿದ್ದಿರಲಿಲ್ಲ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1936ರ ಸುಮಾರಿಗೇ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಆರೋಗ್ಯ ತರಬೇತಿ ಕೇಂದ್ರ ಶುರುವಾಯಿತು. ಆಗ ಕಣ್ಣ ಮುಂದಿದ್ದ ಶತ್ರುಗಳು ಪ್ಲೇಗು, ಕಾಲರಾ, ಮಲೇರಿಯಾ, ಕೊಕ್ಕೆಹುಳು. ತಡೆಯಬಹುದಾದ ಸಾವನ್ನು ತಡೆಯುವುದು ಗುರಿ. ಅದು ಸರಿಯಾದ ಗುರಿಯೇ. ಮಕ್ಕಳು ಹುಳುಗಳಂತೆ ಸಾಯುತ್ತಿದ್ದ ಕಾಲದಲ್ಲಿ ಮುದುಕರ ನೋವಿಗೆ ಯಾರು ಪಾಠ ಬರೆಯುತ್ತಾರೆ? ನನ್ನ ತಕರಾರು ಏನಿದ್ದರೂ ಆಮೇಲಿನದು. ಮಕ್ಕಳ ಸಾವು ಇಳಿದು, ಜನ ಅರವತ್ತು ದಾಟಿ ಬದುಕತೊಡಗಿದ ಮೇಲೂ ಪಾಠ ಬದಲಾಗಲಿಲ್ಲ.

ನಮ್ಮ ಜಿಲ್ಲೆಯದೇ ಒಂದು ಪ್ರಸಂಗ ಇಲ್ಲಿ ಹೇಳಬೇಕು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆಯಿತಲ್ಲ, ಅದರ ಮೊದಮೊದಲ ದೊಡ್ಡ ಸಮೀಕ್ಷೆ ನಡೆದದ್ದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಇನ್ನೊಂದು ಅಧ್ಯಯನ ಮಾಡಿದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹಳ್ಳಿಯ ಜನಕ್ಕೆ ಕಾಯಿಲೆಯ ಅರಿವೇ ಇಲ್ಲ, ಅವರನ್ನು ಹುಡುಕಿಕೊಂಡು ಹೋಗಬೇಕು ಎಂಬ ನಂಬಿಕೆ ಅಲ್ಲಿಯವರೆಗೆ ಇತ್ತು. ಇವರು ಮನೆ ಮನೆಗೆ ಹೋಗಿ ಕೇಳಿದರೆ, ಕ್ಷಯ ಇದ್ದವರಲ್ಲಿ ಬಹುಪಾಲು ಜನಕ್ಕೆ ತಮ್ಮ ಕೆಮ್ಮು ಚೆನ್ನಾಗಿಯೇ ಗೊತ್ತಿತ್ತು; ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೂ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಜನ ಬಂದಿದ್ದರು, ಆಸ್ಪತ್ರೆಗೆ ಕಾಣಲಿಲ್ಲ. ಈ ತುಮಕೂರಿನ ಪಾಠವೂ ಸೇರಿಯೇ ದೇಶದ ಕ್ಷಯ ಕಾರ್ಯಕ್ರಮವನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳ ಒಳಗೇ ಇಡಬೇಕೆಂಬ ತೀರ್ಮಾನವಾಯಿತು. ನಾನು ಇದನ್ನು ಓದಿದ್ದು ತಡವಾಗಿ. ಓದಿದಾಗ ಅನ್ನಿಸಿತು, ಕೆಮ್ಮಿನ ಜಾಗದಲ್ಲಿ ನೋವು ಎಂದು ಬರೆದರೆ ಇದು ನಮ್ಮ ಕಾಲದ ವರದಿಯೂ ಹೌದು. ಗೆಡ್ಡೆಯ ನೋವು ಹೊತ್ತು ಬಂದವರಿಗೆ ನಮ್ಮ ಕೇಂದ್ರಗಳಲ್ಲಿ ಸಿಗುತ್ತಿದ್ದದ್ದು ಬಿಳಿ ಮಾತ್ರೆ, ಪ್ಯಾರಸಿಟಮಾಲ್.

ನಮಗೆ ಕೊಟ್ಟ ತರಬೇತಿಯಲ್ಲಿ ಹೆರಿಗೆಗೆ ಇದ್ದ ಶ್ರದ್ಧೆಯನ್ನು ನಾನು ಅಲ್ಲಗಳೆಯಲಾರೆ. 1973ರ ಕರ್ತಾರ್ ಸಿಂಗ್ ಸಮಿತಿ ಎ.ಎನ್.ಎಂ.ಗಳನ್ನು ವಿವಿಧೋದ್ದೇಶ ಕಾರ್ಯಕರ್ತೆಯರನ್ನಾಗಿ ಮಾಡಿತು. ಉದ್ದೇಶಗಳು ವಿವಿಧವಾದರೂ ಕೊನೆಗೆ ಎಲ್ಲ ಬಂದು ನಿಲ್ಲುತ್ತಿದ್ದದ್ದು ಕುಟುಂಬ ಯೋಜನೆಯ ಹತ್ತಿರ. 1996ರಲ್ಲಿ ಗುರಿ ತೆಗೆದುಹಾಕಿದ್ದೇವೆ ಎಂದರು; ಬೈಗುಳ ಹೋಗಲಿಲ್ಲ. ಸೂಲಗಿತ್ತಿಯರಿಗೂ ಸರ್ಕಾರ ಪಾಠ ಹೇಳಿತು. ಮೂವತ್ತು ದಿನದ ತರಬೇತಿ, 300 ರೂಪಾಯಿ ಭತ್ಯೆ, ಕೊನೆಗೆ ಒಂದು ಪೆಟ್ಟಿಗೆ: ಕತ್ತರಿ, ದಾರ, ಸೋಪು, ಬ್ರಷ್ಷು, ರಬ್ಬರ್ ಹಾಸು. ನಾನೇ ಕೂತು ಆ ಮುದುಕಿಯರಿಗೆ ಉಗುರು ಕತ್ತರಿಸಿಕೊಳ್ಳುವುದನ್ನು ಹೇಳಿಕೊಟ್ಟಿದ್ದೇನೆ, ಅವರಿಂದ ಅಡ್ಡ ಕೂತ ಮಗುವನ್ನು ಹೊಟ್ಟೆಯ ಮೇಲಿಂದಲೇ ಕೈಯಲ್ಲಿ ತಿಳಿಯುವುದನ್ನು ಕಲಿತಿದ್ದೇನೆ.

ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳದವರು ಯಾರು? ಅಜ್ಜಿಯಿಂದ ವಿದ್ಯೆ ಕಲಿತು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರಿಗೆ ಸಂದ ಗೌರವದ ಬಗ್ಗೆ ನನಗೆ ಹೆಮ್ಮೆ. ಆದರೆ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಹೆರಿಗೆಗೆ ಕರೆಯುವ ಅದೇ ಕೈಗಳನ್ನು ಸಾವಿಗೂ ಕರೆಯುತ್ತಿದ್ದರು. ಮಲಗಿದವರನ್ನು ಮಗ್ಗುಲು ತಿರುಗಿಸಲು, ಮಲ ಮೂತ್ರ ಬಳಿಯಲು, ಕೊನೆಗೆ ಮೈ ತೊಳೆಯಲು. ನನ್ನ ಜತೆ ಕೆಲಸ ಮಾಡಿದ ಒಬ್ಬ ಸೂಲಗಿತ್ತಿ ಇದನ್ನು ಹೀಗೆ ಹೇಳುತ್ತಿದ್ದಳು: ‘ಬರೋರ್ನ ಹಿಡ್ಕಂಡ್ರೆ ಡಬ್ಬಿ ಕೊಡ್ತೀರ, ಹೋಗೋರ್ನ ಹಿಡ್ಕಂಡ್ರೆ ಏನ್ ಕೊಡ್ತೀರ ಸಿಸ್ಟ್ರೇ?’ ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಹೋಗುವವರ ಹತ್ತಿರ ಕೂತಿದ್ದಕ್ಕೆ ಯಾವ ವಿಶ್ವವಿದ್ಯಾಲಯವೂ ಯಾರಿಗೂ ಡಾಕ್ಟರೇಟ್ ಕೊಟ್ಟದ್ದು ನಾನು ಕೇಳಿಲ್ಲ.

ನಾನು ಹೊಸಬಳಾಗಿದ್ದ ಆ ಕಾಲದಲ್ಲೇ ದೆಹಲಿಯಲ್ಲಿ ಇನ್ನೊಂದು ಕೆಲಸ ನಡೆದಿತ್ತು, ಅದರ ಬಿಸಿ ನಮ್ಮ ಸೀಮೆಗೆ ತಟ್ಟಿದ್ದು ನಮಗೆ ತಿಳಿಯಲೂ ಇಲ್ಲ. 1985ರ ನವೆಂಬರಿನಲ್ಲಿ ಮಾದಕ ವಸ್ತುಗಳ ಕಾಯಿದೆ ಜಾರಿಗೆ ಬಂತು. ಕಳ್ಳಸಾಗಣೆ ತಡೆಯಲು ಮಾಡಿದ್ದು. ತಪ್ಪು ಸಿಕ್ಕರೆ ಆಗ ಕನಿಷ್ಠ ಹತ್ತು ವರ್ಷ ಜೈಲು. ಮಾರ್ಫಿನ್ ಇಟ್ಟುಕೊಳ್ಳಬೇಕಾದರೆ ಆಸ್ಪತ್ರೆ ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಲೈಸೆನ್ಸು ಪಡೆಯಬೇಕಿತ್ತು. ಒಂದು ಕೈಗೆ ಬರುವ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಯಾವ ಡಾಕ್ಟರು ಇದಕ್ಕೆ ತಲೆ ಕೊಡುತ್ತಾರೆ? ದೇಶದಲ್ಲಿ ಔಷಧಿಯಾಗಿ ಬಳಕೆಯಾಗುತ್ತಿದ್ದ ಮಾರ್ಫಿನ್ 1985ರಲ್ಲಿ 500 ಕಿಲೋಗೂ ಹೆಚ್ಚಿದ್ದದ್ದು 1997ರ ಹೊತ್ತಿಗೆ 18 ಕಿಲೋಗೆ ಇಳಿಯಿತು. ಇಡೀ ದೇಶಕ್ಕೆ 18 ಕಿಲೋ. ಅದೇ ಹೊತ್ತಿಗೆ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಸರ್ಕಾರದ ಪರವಾನಗಿಯಲ್ಲೇ ಗಸಗಸೆ ಗಿಡದಿಂದ ಅಫೀಮು ಇಳಿಸುತ್ತಿದ್ದರು. ಅದು ಹಡಗು ಹತ್ತಿ ಹೊರದೇಶದ ನೋವು ಕಳೆಯಲು ಹೋಗುತ್ತಿತ್ತು. ಒಂದು ಪೀಳಿಗೆಯ ಡಾಕ್ಟರುಗಳು ಮಾರ್ಫಿನ್ ಬರೆಯದೆಯೇ ಓದು ಮುಗಿಸಿದರು. ಅವರ ಕೈಕೆಳಗಿನ ನಮಗೆ ಅದರ ಹೆಸರೂ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಬೀಡಿ, ಹೊಗೆಸೊಪ್ಪು ಎರಡೂ ಇದ್ದ ಒಬ್ಬ ಕೂಲಿಕಾರ, ಐವತ್ತು ಆಗಿರಲಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ‘ಇನ್ನು ಮಾಡುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದು ಕಳಿಸಿದ್ದರು. ಎಡಗೆನ್ನೆ ತೂತಾಗಿತ್ತು. ಗಂಜಿ ಕುಡಿಸಿದರೆ ಅರ್ಧ ಅಲ್ಲಿಂದಲೇ ಸುರಿಯುವುದು. ವಾಸನೆ ಬೀದಿಗೆ ಬರುತ್ತಿತ್ತು. ಅಣ್ಣ ತಮ್ಮಂದಿರು ಆತನನ್ನು ಕೊಟ್ಟಿಗೆಗೆ ಹಾಕಿದ್ದರು. ಹೆಂಡತಿ ಅಲ್ಲೇ ಗೋಣಿ ಹಾಸಿಕೊಂಡು ಮಲಗುತ್ತಿದ್ದಳು. ನಾನು ಹೋಗಿದ್ದದ್ದು ಪಕ್ಕದ ಮನೆಯ ಮಗುವಿಗೆ ಪೋಲಿಯೋ ಹನಿ ಹಾಕಲು. ಹೆಂಡತಿ ಬಂದು ‘ಒಂದ್ ಗಳಿಗೆ ನೋಡಮ್ಮ’ ಎಂದಳು. ಗಾಯದಲ್ಲಿ ಹುಳ ಆಡುತ್ತಿದ್ದವು. ಆತ ಮಾತಾಡಲಾರ, ಕಣ್ಣಿನಲ್ಲೇ ನನ್ನ ಚೀಲದ ಕಡೆ ನೋಡುತ್ತಿದ್ದ. ಚೀಲದಲ್ಲಿ ಪೋಲಿಯೋ ಹನಿ, ಕಬ್ಬಿಣಾಂಶದ ಮಾತ್ರೆ, ಪ್ಯಾರಸಿಟಮಾಲ್, ನಿರೋಧ್ ಇದ್ದವು.

ಮಾರನೆಯ ದಿನ ನಮ್ಮ ವೈದ್ಯಾಧಿಕಾರಿ ಟರ್ಪೆಂಟೈನ್ ಕೊಟ್ಟು, ಅದರಲ್ಲಿ ಅದ್ದಿದ ಗಾಜ್ ಬಟ್ಟೆ ಗಾಯದ ಬಾಯಿಗೆ ಹಿಡಿದರೆ ಹುಳ ಹೊರಗೆ ಬರುತ್ತವೆ, ಚಿಮಟದಲ್ಲಿ ತೆಗೆ ಎಂದರು. ತೆಗೆದೆ. ಭೇದಿಗೆಂದು ಇಟ್ಟಿದ್ದ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಗಾಯಕ್ಕೆ ಉದುರಿಸಿದರೆ ವಾಸನೆ ತಗ್ಗುತ್ತದೆ ಎಂಬುದನ್ನೂ ಅವರೇ ಹೇಳಿದ್ದು, ಎಲ್ಲೋ ಓದಿದ್ದರಂತೆ. ನಾಲ್ಕಾರು ದಿನದಲ್ಲಿ ವಾಸನೆ ಇಳಿಯಿತು, ಆತನನ್ನು ಮತ್ತೆ ನಡುಮನೆಗೆ ತಂದರು. ಐದು ಪೈಸೆಯ ಪುಡಿ ಒಬ್ಬ ಮನುಷ್ಯನನ್ನು ಕೊಟ್ಟಿಗೆಯಿಂದ ಮನೆಯೊಳಗೆ ತಂದಿತು. ನೋವು ಮಾತ್ರ ಹಾಗೇ ಇತ್ತು. ಅದಕ್ಕೆ ನಮ್ಮಿಬ್ಬರ ಹತ್ತಿರವೂ ಏನೂ ಇರಲಿಲ್ಲ. ಆ ತಿಂಗಳ ಮೀಟಿಂಗಿನಲ್ಲಿ ನನ್ನ ಭೇಟಿಗಳನ್ನು ಯಾವ ತಲೆಬರಹದಡಿ ತೋರಿಸಲಿ ಎಂದು ಕೇಳಿದೆ. ‘ಇತರೆ’ ಎಂದರು.

ಇದೇ ಹೊತ್ತಿಗೆ, ನಮ್ಮ ಬಸ್ಸು ಮೂರು ಗಂಟೆಯಲ್ಲಿ ಮುಟ್ಟುವ ಬೆಂಗಳೂರಿನಲ್ಲಿ, ಬೇರೆಯದೇ ಒಂದು ಕೆಲಸ ಬೇರೂರುತ್ತಿತ್ತು. 1994ರಲ್ಲಿ ಕಿಶೋರ್ ರಾವ್ ಮತ್ತು ಗೆಳೆಯರು ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಕಟ್ಟಿದರು. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸೇರಿ ಮಾಡಿದ ಕೆಲಸ. ರಾಜ್ಯ ಸರ್ಕಾರ ಮಾರತ್‌ಹಳ್ಳಿಯ ಹತ್ತಿರ ಐದು ಎಕರೆ ಜಾಗ ಗುತ್ತಿಗೆಗೆ ಕೊಟ್ಟಿತು. 1999ರ ಮೇ 1ರಂದು ಕರುಣಾಶ್ರಯ ಬಾಗಿಲು ತೆರೆಯಿತು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಎಲ್ಲವೂ ಉಚಿತ. ಕರ್ನಾಟಕದಲ್ಲಿ ಈ ಆರೈಕೆಗೆ ಸರ್ಕಾರ ಕೊಟ್ಟ ಮೊದಲ ನೆರವುಗಳಲ್ಲಿ ಒಂದು ಜಮೀನಿನ ರೂಪದಲ್ಲಿ ಬಂತು ಎನ್ನಬಹುದು. ಪಾಠದ ರೂಪದಲ್ಲಿ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಕರುಣಾಶ್ರಯ ತಾನೇ ಹುಡುಗಿಯರನ್ನು ಆರಿಸಿ ಶುಶ್ರೂಷೆ ಕಲಿಸಿತು. ಹಾಗೆ ನೋಡಿದರೆ ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ತೆರೆದು ಈ ವಿದ್ಯೆಗೆ ಆಕಾರ ಕೊಟ್ಟ ಸಿಸಿಲಿ ಸಾಂಡರ್ಸ್ ಕೂಡ ಮೊದಲು ನರ್ಸಾಗಿಯೇ ಕೆಲಸ ಶುರು ಮಾಡಿದವರು, ಡಾಕ್ಟರಾದದ್ದು ಆಮೇಲೆ. ನಮ್ಮ ಪಂಗಡದವರು ಎಂದು ನನಗೊಂದು ಸಣ್ಣ ಜಂಬ.

ಪಕ್ಕದ ಕೇರಳದವರು ಬೇರೆ ದಾರಿ ಹಿಡಿದರು. 1993ರಲ್ಲಿ ಕೋಳಿಕ್ಕೋಡು ಮೆಡಿಕಲ್ ಕಾಲೇಜಿನ ಒಂದು ಸಣ್ಣ ಕೋಣೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಶುರು ಮಾಡಿದ ನೋವಿನ ಕ್ಲಿನಿಕ್ಕು ಮಲಪ್ಪುರಂ ಸೀಮೆಯಲ್ಲಿ ಊರವರ ಕೆಲಸವಾಗಿ ಹಬ್ಬಿತು. ಅಂಗಡಿಯವರು, ಆಟೋದವರು, ಕಾಲೇಜು ಹುಡುಗರು ವಾರಕ್ಕಿಷ್ಟು ಹೊತ್ತು ಎಂದು ಬಂದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ಮಾಡಿತು. ಮೂರು ತಿಂಗಳ ಸಮುದಾಯ ಪ್ಯಾಲಿಯೇಟಿವ್ (ಉಪಶಾಮಕ) ನರ್ಸಿಂಗ್ ಕೋರ್ಸು ಮಾಡಿದ ನರ್ಸನ್ನು ಪಂಚಾಯಿತಿಯೇ ನೇಮಿಸಿಕೊಂಡು ಜೀಪಿನಲ್ಲಿ ಮನೆಮನೆಗೆ ಕಳಿಸುವ ಪದ್ಧತಿ ಬಂತು. ಕಾಸರಗೋಡಿನ ನಮ್ಮ ಕನ್ನಡ ಮನೆಗಳಿಗೂ ಆ ಜೀಪು ಹೋಯಿತು. ಎಣ್ಮಕಜೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು ಎಷ್ಟೋ ಮನೆಗಳಲ್ಲಿ ಮಕ್ಕಳು ಮಲಗಿದಲ್ಲೇ ಬೆಳೆದರಲ್ಲ, ಅಂಥ ಕಡೆ ವಾಸಿ ಮಾಡುವ ವೈದ್ಯಕ್ಕಿಂತ ನೋಡಿಕೊಳ್ಳುವ ವೈದ್ಯವೇ ಹೆಚ್ಚು ಬೇಕಿತ್ತು. ಒಂದೇ ಭಾಷೆಯ ಎರಡು ಹಳ್ಳಿ, ನಡುವೆ ರಾಜ್ಯದ ಗಡಿ. ಆ ಕಡೆ ಪಂಚಾಯಿತಿಯ ನರ್ಸು ಬರುತ್ತಾಳೆ, ಈ ಕಡೆ ಬರುವುದಿಲ್ಲ. ಅದಕ್ಕೆ ಕೇರಳದವರು ನಮಗಿಂತ ಕರುಣೆಯುಳ್ಳವರು ಎಂಬ ವಿವರಣೆ ನನಗೆ ಒಪ್ಪಿಗೆಯಿಲ್ಲ. ಅವರ ಪಂಚಾಯಿತಿಯ ಕೈಯಲ್ಲಿ ದುಡ್ಡಿತ್ತು, ಖರ್ಚು ಮಾಡುವ ಅಧಿಕಾರವಿತ್ತು. ನಮ್ಮದರಲ್ಲಿ ಚರಂಡಿಯ ಬಿಲ್ಲು ಪಾಸಾಗುವುದೇ ವರ್ಷದ ಕೆಲಸ.

ನಮ್ಮ ಕಡೆಯೂ ದುಡ್ಡು ಬರಲಿಲ್ಲವೆಂದಲ್ಲ. ಯಶಸ್ವಿನಿ ಬಂತು, ವಾಜಪೇಯಿ ಆರೋಗ್ಯಶ್ರೀ ಬಂತು, ಬಡವರಿಗೂ ದೊಡ್ಡಾಸ್ಪತ್ರೆಯ ಆಪರೇಷನ್ನು, ಕಿರಣ ಚಿಕಿತ್ಸೆ, ಕೀಮೋ ಕೈಗೆಟುಕಿತು. ಎಷ್ಟೋ ಜನ ಬದುಕಿದರು. ನನ್ನ ಸ್ವಂತ ನಾದಿನಿಯೂ ಅವರಲ್ಲೊಬ್ಬಳು. ಆದರೆ ಈ ಯೋಜನೆಗಳು ಹಣ ಕಟ್ಟುತ್ತಿದ್ದದ್ದು ಪ್ಯಾಕೇಜಿಗೆ. ಕತ್ತರಿಸಿದ್ದಕ್ಕೆ ಒಂದು ದರ, ಸುಟ್ಟದ್ದಕ್ಕೆ ಒಂದು ದರ. ಆಸ್ಪತ್ರೆ ಕೈಚೆಲ್ಲಿದ ಮೇಲೆ ಹುಲಿಕುಂಟೆಯ ಹಾದಿಯಲ್ಲಿ ಮನೆಗೆ ಬಂದು ಕೂರುವವರಿಗೆ ಯಾವ ದರವೂ ಇರಲಿಲ್ಲ.

2012ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಪ್ಯಾಲಿಯೇಟಿವ್ ಕೇರ್ ಕಾರ್ಯಕ್ರಮ ರೂಪಿಸಿತು. ಕಾಗದದ ಮೇಲೆ ಒಳ್ಳೆಯ ಕಾರ್ಯಕ್ರಮ: ಜಿಲ್ಲಾ ಆಸ್ಪತ್ರೆಯಲ್ಲಿ ಹಾಸಿಗೆ, ಡಾಕ್ಟರಿಗೂ ನರ್ಸಿಗೂ ತರಬೇತಿ, ಮಾರ್ಫಿನ್ ಸಿಗುವ ವ್ಯವಸ್ಥೆ. ಪ್ರತ್ಯೇಕ ಹಣ ಮಾತ್ರ ಇಡಲಿಲ್ಲ. ರಾಜ್ಯಗಳು ರಾಷ್ಟ್ರೀಯ ಆರೋಗ್ಯ ಅಭಿಯಾನದ ವಾರ್ಷಿಕ ಯೋಜನೆಯಲ್ಲಿ ಬರೆದು ಕೇಳಿದರೆ ಕೊಡುತ್ತೇವೆ ಎಂಬ ಲೆಕ್ಕ. ಕೇಳಬೇಕಾದರೆ ಕೇಳುವವರಿಗೆ ಅದೇನೆಂದು ಗೊತ್ತಿರಬೇಕು ತಾನೆ? 2014ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ತಿದ್ದುಪಡಿಯಾಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಮುಂತಾದ ಆರು ಔಷಧಿಗಳನ್ನು ಅತ್ಯಗತ್ಯ ಎಂದು ಘೋಷಿಸಿ, ನಾಲ್ಕೈದು ಲೈಸೆನ್ಸಿನ ಬದಲು ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು ಎಂದರು. ಅದಕ್ಕೆ ಇರುವ ಮುಖ್ಯ ಷರತ್ತೇ ತರಬೇತಿ: ಆ ಆಸ್ಪತ್ರೆಯಲ್ಲಿ ನೋವು ನಿವಾರಣೆ ಕಲಿತ ಒಬ್ಬ ಡಾಕ್ಟರಾದರೂ ಇರಬೇಕು. ಹೀಗೆ, ತರಬೇತಿ ಎನ್ನುವುದು ಸರ್ಟಿಫಿಕೇಟು ಹಂಚಿ ಫೋಟೋ ತೆಗೆಸಿಕೊಳ್ಳುವ ಶಿಬಿರ ಆಗಿದ್ದದ್ದು ಮಾರ್ಫಿನ್ ಬೀರುವಿನ ಬೀಗದಕೈಯೇ ಆಯಿತು. ಈ ಸಂಗತಿ ನಮ್ಮ ತಾಲ್ಲೂಕುಗಳಿಗೆ ತಿಳಿಯಲು ಹಿಡಿದ ಕಾಲವನ್ನು ನಾನು ಎಣಿಸಲು ಹೋಗುವುದಿಲ್ಲ.

2018ರಲ್ಲಿ ಆಯುಷ್ಮಾನ್ ಭಾರತ ಬಂದು ನಮ್ಮ ಉಪಕೇಂದ್ರಗಳು ಕ್ಷೇಮ ಕೇಂದ್ರಗಳಾದವು. ಅಲ್ಲಿ ಕೊಡಬೇಕಾದ ಹನ್ನೆರಡು ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆ, ಉಪಶಾಮಕ ಆರೈಕೆ ಎಂದು ಮೊದಲ ಸಲ ಓದಿದಾಗ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆಗೆ ಬಿ.ಎಸ್ಸಿ. ನರ್ಸಿಂಗ್ ಓದಿದ ಹುಡುಗ ಹುಡುಗಿಯರು ಬಂದರು. ಆಶಾ, ಎ.ಎನ್.ಎಂ., ನರ್ಸು, ಡಾಕ್ಟರು, ಪ್ರತಿಯೊಬ್ಬರಿಗೂ ಬೇರೆ ಬೇರೆ ಕೈಪಿಡಿ ಅಚ್ಚಾಯಿತು. ಆಶಾ ತುಂಬುವ ಮನೆ ಸಮೀಕ್ಷೆಯ ಫಾರಂನಲ್ಲಿ, ಅದಕ್ಕೆ ಆಕೆಗೆ ಆಗ ಸಿಗುತ್ತಿದ್ದದ್ದು ಹತ್ತು ರೂಪಾಯಿ, ಎರಡು ಹೊಸ ಬಗೆಯ ಪ್ರಶ್ನೆಗಳಿದ್ದವು. ಒಂದು, ಬಾಯಿಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣಿದೆಯೇ. ಇನ್ನೊಂದು, ಅರವತ್ತು ದಾಟಿದವರಿಗೆ: ಉಣ್ಣಲು, ಬಟ್ಟೆ ಹಾಕಿಕೊಳ್ಳಲು, ಸ್ನಾನಕ್ಕೆ, ಕಕ್ಕಸಿಗೆ ಇನ್ನೊಬ್ಬರ ಸಹಾಯ ಬೇಕಾಗುತ್ತದೆಯೇ. ಬೀರುವಿನ ಅಷ್ಟೂ ರಿಜಿಸ್ಟರುಗಳಲ್ಲಿ ನಾನು ಕಾಣದಿದ್ದ ಕಾಲಂ ಅದು.

ನಿವೃತ್ತಿಗೆ ಸ್ವಲ್ಪ ಮುಂಚೆ ಆ ಹುಡುಗಿಯರ ಜತೆ ಕೂತು ನಾನೂ ಪಾಠ ಕೇಳಿದೆ. ಬಾಯಿಯಿಂದ ತೆಗೆದುಕೊಳ್ಳುವ ಮಾರ್ಫಿನ್ನನ್ನು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು. ಕೊಡುವ ಕೈಯಲ್ಲೇ ಮಲಬದ್ಧತೆಗೂ ಮಾತ್ರೆ ಕೊಡಬೇಕು. ಸರಿಯಾಗಿ ಕೊಟ್ಟರೆ ಚಟ ಹತ್ತುವುದು, ಉಸಿರು ನಿಲ್ಲುವುದು ತೀರಾ ಅಪರೂಪ. ಕೆಟ್ಟ ಸುದ್ದಿ ಹೇಳುವಾಗ ನಿಂತುಕೊಂಡು ಹೇಳಬಾರದು. ಮಾತಿಗಿಂತ ಕೇಳುವುದು ಹೆಚ್ಚಿರಬೇಕು. ನೋವನ್ನು ಅಳೆಯಬೇಕು: ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ಕೇಳಿ ಬರೆಯಿರಿ ಎಂದರು. ನಮ್ಮ ಮುದುಕಿಯರನ್ನು ಹತ್ತಕ್ಕೆ ಎಷ್ಟು ಎಂದು ಕೇಳಿದರೆ ‘ಏನ್ ಹತ್ತು?’ ಎನ್ನುತ್ತಾರೆ. ‘ರೂಪಾಯ್ಗೆ ಎಷ್ಟಾಣೆ ಐತಜ್ಜಿ ನೋವು?’ ಎಂದು ಒಂದು ಅಜ್ಜಿಯನ್ನು ಕೇಳಿದೆ. ‘ಹನ್ನೆರಡಾಣೆ’ ಎಂದು ಥಟ್ಟನೆ ಹೇಳಿತು. ಆಣೆ ಹೋಗಿ 1957ಕ್ಕೇ ಪೈಸೆ ಬಂದರೂ ನಮ್ಮ ಕಡೆ ಬಾಯಲ್ಲಿ ನಾಲ್ಕಾಣೆ ಎಂಟಾಣೆ ಬಹಳ ಕಾಲ ಉಳಿದಿತ್ತು. ಮಾತ್ರೆ ಕೊಟ್ಟು ಸಂಜೆ ಮತ್ತೆ ಕೇಳಿದರೆ ‘ಎಂಟಾಣೆಗೆ ಬಂತು’ ಎನ್ನುವುದು. ಅಷ್ಟು ನಿಖರವಾದ ಅಳತೆಗೋಲನ್ನು ನಾನು ಕೈಪಿಡಿಯಲ್ಲಿ ಕಂಡಿಲ್ಲ.

ಕೊರತೆ ಎಲ್ಲಿ ಎಂದರೆ, ಆ ಪಾಠವೆಲ್ಲ ಪ್ರೊಜೆಕ್ಟರಿನ ಮೇಲೆ ನಡೆಯಿತು. ಹೆರಿಗೆ ಕಲಿಸುವಾಗ ನಮ್ಮನ್ನು ಹೆರಿಗೆ ವಾರ್ಡಿನಲ್ಲಿ ನಿಲ್ಲಿಸಿದ್ದರು. ಇಷ್ಟು ಹೆರಿಗೆ ಕೈಯಾರೆ ಮಾಡಿಸಿದರಷ್ಟೇ ಪಾಸು. ಸಾಯುವವರ ಆರೈಕೆಗೆ ಪರದೆಯ ಮೇಲಿನ ಚಿತ್ರ, ಮಧ್ಯಾಹ್ನ ಪಲಾವು, ಸಂಜೆ ಪ್ರಮಾಣಪತ್ರ. ಒಬ್ಬ ರೋಗಿಯನ್ನೂ ಮುಟ್ಟದೆ ಇದನ್ನು ಕಲಿಯಲಾಗದು. ಜಿಲ್ಲೆಗೊಂದು ತಂಡ ಕಟ್ಟಿ, ಹೊಸದಾಗಿ ಬಂದ ಪ್ರತಿ ಸಮುದಾಯ ಆರೋಗ್ಯ ಅಧಿಕಾರಿಯನ್ನೂ ಎರಡು ವಾರ ಆ ತಂಡದ ಜೀಪಿನಲ್ಲಿ ಕೂರಿಸಿ ತಿರುಗಿಸಿ ಎಂದು ನಾನು ಅಂದೇ ಅಭಿಪ್ರಾಯದ ಹಾಳೆಯಲ್ಲಿ ಬರೆದುಕೊಟ್ಟೆ. ಹಾಳೆ ಎಲ್ಲಿಗೆ ಹೋಯಿತೋ.

ಈ ನಡುವೆ ಪತ್ರಿಕೆಗಳಲ್ಲಿ ಘನತೆಯ ಸಾವಿನ ಸುದ್ದಿ ದೊಡ್ಡದಾಗಿ ಬಂತು. ಅದರ ಬೇರು ಕರ್ನಾಟಕದ ಒಬ್ಬ ನರ್ಸಿನ ಹಾಸಿಗೆಯ ಹತ್ತಿರವಿದೆ. ಹೊನ್ನಾವರ ತಾಲ್ಲೂಕು ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1973ರ ನವೆಂಬರಿನಲ್ಲಿ ದಾಳಿಗೊಳಗಾಗಿ, 2015ರ ಮೇ ತಿಂಗಳವರೆಗೆ ಅಲ್ಲೇ ಮಲಗಿದ್ದರು. ಅವರ ಹೆಸರಿನ ಮೊಕದ್ದಮೆಯಲ್ಲೇ 2011ರಲ್ಲಿ ಸುಪ್ರೀಂ ಕೋರ್ಟು ಚಿಕಿತ್ಸೆ ನಿಲ್ಲಿಸುವುದರ ಬಗ್ಗೆ ಮೊದಲು ಮಾತಾಡಿತು. 2018, 2023ರ ತೀರ್ಪುಗಳು ಅದರ ಮುಂದಿನವು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಆ ತೀರ್ಪುಗಳನ್ನು ಜಾರಿ ಮಾಡುವ ಆದೇಶ ಹೊರಡಿಸಿತು. ಒಳ್ಳೆಯದೇ. ವೆಂಟಿಲೇಟರಿನ ಮೇಲಿರುವವರ ಮನೆಯವರಿಗೆ ಅದರಿಂದ ದಾರಿ ಸಿಕ್ಕಿತು. ಬರಗೂರಿನ ಸುತ್ತ ಸಾಯುವವರಲ್ಲಿ ವೆಂಟಿಲೇಟರ್ ಕಾಣುವವರೇ ಅಪರೂಪ, ತೆಗೆಯುವ ಮಾತು ಆಮೇಲೆ. ಕೋರ್ಟಿನ ಕಥೆಗಿಂತ ನನಗೆ ದೊಡ್ಡದೆನಿಸುವುದು ಇನ್ನೊಂದು: ಕೆ.ಇ.ಎಂ.ನ ನರ್ಸುಗಳು, ಒಂದು ತಂಡ ನಿವೃತ್ತಿಯಾದರೆ ಇನ್ನೊಂದು ತಂಡ ಎಂಬಂತೆ, ನಲವತ್ತೊಂದು ವರ್ಷ ದಾಟಿ ಅರುಣಾರನ್ನು ಒಂದು ಬೆನ್ನುಹುಣ್ಣಿಲ್ಲದಂತೆ ನೋಡಿಕೊಂಡರು. ಯಾವ ಕಾರ್ಯಕ್ರಮದ ಅನುದಾನವೂ ಅದರ ಹಿಂದಿರಲಿಲ್ಲ.

2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಜತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರನ್ನೂ ಹುಡುಕುತ್ತಾರೆ. ಹುಡುಕಿದರೆ ಸಿಗುತ್ತಾರೆ. ಬೇಗ ಸಿಕ್ಕವರು ಬದುಕುತ್ತಾರೆ, ತಡವಾಗಿ ಸಿಕ್ಕವರಿಗೆ ಯಾರು? ಅವರಿಗೆ ಶಿರಾದಲ್ಲೋ ಮಧುಗಿರಿಯಲ್ಲೋ ಪಾವಗಡದಲ್ಲೋ, ಬಸ್ಸಿಗೆ ಹೋಗಿ ಸಂಜೆಯೊಳಗೆ ತಿರುಗಿ ಬರುವಷ್ಟು ದೂರದಲ್ಲಿ, ಮಾರ್ಫಿನ್ ಮಾತ್ರೆ ಬರೆದುಕೊಡುವ ಒಬ್ಬ ಡಾಕ್ಟರು, ಬೀಗ ಹಾಕಿದ ಒಂದು ಬೀರು ಬೇಕು. ಕಾಯಿದೆ ಕೇಳುವುದೂ ಹೆಚ್ಚುಕಮ್ಮಿ ಅಷ್ಟನ್ನೇ.

ನನ್ನ ಹಳೆಯ ಉಪಕೇಂದ್ರಕ್ಕೆ ಈಗ ಬಂದಿರುವ ಹುಡುಗಿ ಆಗಾಗ ಫೋನು ಮಾಡುತ್ತಾಳೆ. ಬಾಯಿ ತೆರೆಯಲಾಗದವರಿಗೆ ಗಂಜಿ ಹೇಗೆ, ಮಕ್ಕಳಿಗೆ ಹೇಳಬೇಡಿ ಎನ್ನುವ ತಂದೆಗೆ ಏನು ಹೇಳಲಿ, ಇಂಥವು. ಹೋದ ಸಲ ನಾನು ಆಣೆಯ ಲೆಕ್ಕ ಹೇಳಿಕೊಟ್ಟರೆ ನಕ್ಕುಬಿಟ್ಟಳು. ‘ಮೇಡಂ, ಈಗ ಮಲಗಿರೋರು ಮೂವತ್ತೈದು ವರ್ಷದ ಡ್ರೈವರು. ಆಣೆ ಅಂದ್ರೆ ಏನಂತಾನೇ ಗೊತ್ತಿಲ್ಲ. ನೂರಕ್ಕೆ ಎಷ್ಟು ಪರ್ಸೆಂಟ್ ಅಂತ ಕೇಳ್ತೀನಿ, ಮೊಬೈಲ್ ನೋಡ್ದಂಗೆ ಹೇಳ್ತಾರೆ. ನಿನ್ನೆ ಎಪ್ಪತ್ತಿತ್ತು.’